ಜೋಡಿ ಶಬ್ದಗಳ ಡಬ್ಬಿ

ಝೀಟಾ ಟೀಚರಿಗೆ ಇಂಗ್ಲಿಷ್ ವ್ಯಾಕರಣದ ಒಂದು ಪಾಠ ಮಾತ್ರ ಕಂಡರಾಗುತ್ತಿರಲಿಲ್ಲ. ಕಾಲ, ವಚನ, ಲಿಂಗ, ಬೇಕಾದ್ದು ಕೊಡಿ, ಸಲೀಸಾಗಿ ಪಾಠ ಮಾಡಿಯಾಳು. ಎರಡು ಶಬ್ದ ಕೂಡಿ ಒಂದು ಹೆಸರಾಗುವ ಜೋಡಿ ನಾಮಪದಗಳ ಪಾಠ ಬಂತೆಂದರೆ ಅವಳ ಮುಖ ಹುಳಿ ತಿಂದಂತಾಗುತ್ತಿತ್ತು. ಕಾರ್ಕಳದ ಆ ಹೆಣ್ಣುಮಕ್ಕಳ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಎರಡೂ ವರ್ಷ ಆ ಪಾಠವನ್ನು ಹಲಗೆಯ ಮೇಲೆ ಗೀಚಿ, ಒಂದೇ ಪೀರಿಯಡಿನಲ್ಲಿ ಮುಗಿಸಿ, ಕೈಗಂಟಿದ ಸುಣ್ಣದ ಹುಡಿ ಕೊಡವಿಕೊಂಡಿದ್ದಳು. ಟೀಚರಿಗೆ ತಲೆನೋವು ಎಂದುಕೊಂಡು ಮಕ್ಕಳು ಪಾಪ ಸುಮ್ಮನಿದ್ದರು.

ತಲೆನೋವಲ್ಲ. ಆ ಪಾಠವನ್ನು ಅವಳಿಗೆ ಹೇಳಿಕೊಟ್ಟವನು ಅವಳ ಅಣ್ಣ ಅಲೆಕ್ಸಾಂಡರ್, ಮನೆಯವರ ಬಾಯಲ್ಲಿ ಅಲೆಸ್. ಹೇಳಿಕೊಟ್ಟದ್ದೂ ಅರ್ಧ. ಉಳಿದರ್ಧ ಹೇಳುವ ಮೊದಲೇ ಅವನು ಕಲ್ಯಾಣಪುರದ ಮನೆ ಬಿಟ್ಟು ಹೋದ. ಹೋದವನು ಎರಡೇ ತಿಂಗಳಲ್ಲಿ ಸತ್ತೂ ಹೋದ. ಹಾಗೆಂದು ಝೀಟಾ ಹನ್ನೆರಡು ವರ್ಷದಿಂದ ನಂಬಿದ್ದಳು.

ಅಲೆಸ್ ಆಗ ಇಪ್ಪತ್ತೆರಡು ವರ್ಷದ ಮೇಷ್ಟ್ರು. ಹಿರಿಯಡ್ಕದ ಕಡೆ ಒಂದು ಶಾಲೆಯಲ್ಲಿ ಕೆಲಸ, ಶನಿವಾರ ಮನೆಗೆ ಬರುವುದು. ಬಂದವನು ಊಟಕ್ಕೆ ಮೊದಲು ಹನ್ನೊಂದು ವರ್ಷದ ತಂಗಿಯನ್ನು ಕೂರಿಸಿಕೊಂಡು ಇಂಗ್ಲಿಷ್ ಹೇಳಿಕೊಡಬೇಕು. ಅವಳ ಹಟವೇ ಹಾಗಿತ್ತು. ಅವನ ಪಾಠದ ರೀತಿಯೂ ಬೇರೆ. ದಪ್ಪ ಕಾಗದವನ್ನು ಎರಡು ಬೆರಳಗಲದ ಚೂರುಗಳಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಶಬ್ದ ಬರೆಯುತ್ತಿದ್ದ. ಮುಂದೆ ಬರುವ ಶಬ್ದಕ್ಕೆ ಕೆಂಪು ಶಾಯಿ, ಅದರ ಬೆನ್ನಿಗೆ ಬರುವುದಕ್ಕೆ ನೀಲಿ. ನೀಲಿ ಮನೆಯ ಯಜಮಾನ, ಕೆಂಪು ಬಂದ ನೆಂಟ, ಎನ್ನುತ್ತಿದ್ದ. ಲೈಟ್‌ಹೌಸ್ ಅಂದರೆ ಬೆಳಕಲ್ಲ, ಮನೆಯೇ; ಎಂಥ ಮನೆ ಎಂದು ಹೇಳುವುದಷ್ಟೇ ಲೈಟಿನ ಕೆಲಸ. ಆದರೆ ಆ ನೆಂಟ ಒಳಗೆ ಬಂದ ಮೇಲೆ ಮನೆ ಮೊದಲಿನ ಮನೆಯಾಗಿ ಉಳಿಯುವುದಿಲ್ಲ, ಅದಕ್ಕೇ ಹೊಸ ಹೆಸರು. ಇಷ್ಟು ಹೇಳಿದ್ದು ಸಾಲದೆಂದು ಅವಳನ್ನು ಬಸ್ಸಿನಲ್ಲಿ ಕಾಪುವಿಗೆ ಕರೆದುಕೊಂಡು ಹೋಗಿ, ಬಂಡೆಯ ಮೇಲಿನ ದೀಪಸ್ತಂಭದ ಬುಡದಲ್ಲಿ ನಿಲ್ಲಿಸಿ, ಎರಡು ಚೂರುಗಳನ್ನು ಕೈಗೆ ಕೊಟ್ಟು, ಈಗ ಕೂಡಿಸು ಎಂದಿದ್ದ.

ಎರಡು ನಾಮಪದ ಕೂಡುವುದು ಆಯಿತು: ಲೈಟ್‌ಹೌಸ್, ರೈನ್‌ವಾಟರ್, ಬಸ್ ಸ್ಟ್ಯಾಂಡ್. ಗುಣವಾಚಕ ಮುಂದೆ ಬರುವುದು ಆಯಿತು: ಬ್ಲ್ಯಾಕ್‌ಬೋರ್ಡ್, ಸ್ವೀಟ್ ಪೊಟೇಟೊ. ಬ್ಲ್ಯಾಕ್‌ಬೋರ್ಡ್ ಅನ್ನುವಾಗ ಮೊದಲ ತುಂಡನ್ನು ಒತ್ತಿ ಹೇಳದಿದ್ದರೆ ಅದು ಕಪ್ಪು ಬಣ್ಣದ ಯಾವುದೋ ಹಲಗೆ ಆದೀತೆಂದು ಹತ್ತು ಸಲ ಹೇಳಿಸಿದ. ಕೆಲವು ಜೋಡಿಗಳು ಅಂಟಿಕೊಂಡೇ ಇರುತ್ತವೆ, ಕೆಲವು ನಡುವೆ ಜಾಗ ಬಿಟ್ಟು ನಿಲ್ಲುತ್ತವೆ, ಕೆಲವಕ್ಕೆ ಮಧ್ಯೆ ಒಂದು ಗೀಟು ಬೇಕು. ಹಾಗೇಕೆಂದು ಕೇಳಬೇಡ, ಗಂಡ ಹೆಂಡತಿಯರಲ್ಲಿಯೂ ಹಾಗೆಯೇ ಅಲ್ವಾ, ಎಂದು ನಗಿಸಿದ. ಕ್ರಿಯಾಪದದಿಂದ ಆಗುವ ಜೋಡಿಗಳನ್ನು ಬರುವ ಶನಿವಾರ ಹೇಳುತ್ತೇನೆ ಎಂದ. ಬರುವ ಶನಿವಾರ ಅವನು ಬರಲಿಲ್ಲ.

ಶಾಲೆಯ ಹತ್ತಿರದ ತುಳು ಹಿಂದೂ ಮನೆತನದ ಅಕ್ಕು ಎಂಬ ಹುಡುಗಿಯನ್ನು ಅವನು ಮದುವೆಯಾಗಿದ್ದ. ಸುದ್ದಿ ಮನೆಗೆ ಮುಟ್ಟಿದ ದಿನ ಅಪ್ಪ ಇಮ್ಯಾನುಯೆಲ್ ಊಟ ಬಿಟ್ಟು ಎದ್ದರು. ಗಟ್ಟಿ ಮನುಷ್ಯ, ಆದರೆ ಬರಹದಲ್ಲಿ ಸಹಿಗಿಂತ ಮುಂದೆ ಹೋದವರಲ್ಲ. ಆಗ ಎಷ್ಟೋ ಮನೆಗಳಲ್ಲಿ ಇದ್ದ ಪದ್ಧತಿ ಅವರ ಮನೆಯಲ್ಲಿಯೂ ಇತ್ತು: ಶಾಲೆಗೆ ಹೋಗುವ ಮಗು ಯಾವುದೋ, ಅದೇ ಮನೆಯ ಕಾಗದಗಳನ್ನೆಲ್ಲ ಬರೆಯಬೇಕು. ಗೇಣಿಯ ಜಗಳವಿರಲಿ, ಸಾವಿನ ಸುದ್ದಿಯಿರಲಿ, ಮಗುವಿಗೆ ಅರ್ಥವಾದರೂ ಆಗದಿದ್ದರೂ ಹೇಳಿದ್ದನ್ನು ಬರೆಯಬೇಕು. ಹೀಗೆ ಝೀಟಾಳ ಮುಂದೆ ಒಂದು ದಪ್ಪ ಹಾಳೆ ಬಂತು. ಅಪ್ಪ ನಿಂತುಕೊಂಡು ಕೊಂಕಣಿಯಲ್ಲಿ ಹೇಳಿದರು, ಅವಳು ಕನ್ನಡದಲ್ಲಿ ಗುಂಡಗೆ ಬರೆದಳು. ಈ ಮನೆಯ ಮಟ್ಟಿಗೆ ನೀನು ಸತ್ತೆ. ಈ ಹೊಸ್ತಿಲು ಇನ್ನು ತುಳಿಯಬೇಡ. ಕಾಗದ ಬರೆಯಬೇಡ, ಬರೆದರೆ ಒಲೆಗೆ ಹೋಗುತ್ತದೆ. ತಾಯಿ ಸತ್ತರೂ ಬರಬೇಡ.

ಇಷ್ಟು ಅಪ್ಪನದು. ಅವರು ಲಕೋಟೆ ತರಲು ಒಳಗೆ ಹೋದಾಗ, ಹಾಳೆಯ ಕೆಳಗೆ ಉಳಿದ ಜಾಗದಲ್ಲಿ ಝೀಟಾ ತನ್ನಷ್ಟಕ್ಕೆ ಒಂದು ವಾಕ್ಯ ಸೇರಿಸಿದಳು. ಶನಿವಾರವಿಡೀ ಜಗಲಿಯಲ್ಲಿ ಕಾದ ಸಿಟ್ಟು ಅದು. 'ಪಾಠ ಅರ್ಧಕ್ಕೆ ಬಿಟ್ಟು ಹೋದವನು ನನಗೂ ಬೇಡ.'

ಎರಡು ತಿಂಗಳು ಕಳೆದು ಒಂದು ಸಂಜೆ ಅಪ್ಪ, ಹಡಗಿನಲ್ಲಿ ಕೆಲಸ ಮಾಡುವ ಕಾಪುವಿನ ಒಬ್ಬ ಹಗಲು ಮನೆಗೆ ಬಂದಿದ್ದನೆಂದೂ, ಅಲೆಸ್ ಮುಂಬಯಿಗೆ ಹೋಗಿ ಹಡಗು ಸೇರಿ ಜ್ವರದಿಂದ ತೀರಿಕೊಂಡನೆಂದೂ, ಹೆಣವನ್ನು ಸಮುದ್ರಕ್ಕೇ ಬಿಟ್ಟರೆಂದೂ ಹೇಳಿದರು. ಹನ್ನೊಂದು ವರ್ಷದ ಹುಡುಗಿ ಲೆಕ್ಕ ಹಾಕಿದ್ದು ಸರಳವಾಗಿತ್ತು. ಸತ್ತೆ ಎಂದು ನಾನು ಬರೆದೆ, ಅವನು ಸತ್ತ. ಆ ಲೆಕ್ಕವನ್ನು ಅವಳು ಪಾದ್ರಿಗಳಿಗೂ ಹೇಳಲಿಲ್ಲ. ದೊಡ್ಡವಳಾದ ಮೇಲೆ ಬುದ್ಧಿ ಇದು ಮೂರ್ಖತನ ಎಂದಿತು, ಎದೆ ಒಪ್ಪಲಿಲ್ಲ. ಕೆಲಸ ಸಿಕ್ಕಿದ ಮೇಲಂತೂ ನವೆಂಬರಿನ ಸತ್ತವರ ದಿನ ತಾನೇ ತಾಯಿಯ ಜೊತೆ ಇಗರ್ಜಿಗೆ ಹೋಗಿ, ಅವನ ಆತ್ಮದ ಪೂಜೆಗೆ ಹೆಸರು ಬರೆಸುತ್ತಿದ್ದಳು. ಪಾದ್ರಿಗಳು ಪೀಠದ ಮುಂದೆ ಅಲೆಕ್ಸಾಂಡರ್ ಎಂದು ಓದುವಾಗ ಅವಳ ಮನಸ್ಸಿನಲ್ಲಿ ಬರುತ್ತಿದ್ದ ಪ್ರಾರ್ಥನೆ ಒಂದೇ, ಆ ಕೊನೆಯ ವಾಕ್ಯವನ್ನು ಅವನು ಓದದೆ ಸತ್ತಿರಲಿ.

ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರಿನಲ್ಲಿಯೂ ಹೆಸರು ಬರೆಸಿ ಬಂದಳು. ಮುಂದಿನ ವಾರ ಆರನೆಯ ತರಗತಿಗೆ ಜೋಡಿ ನಾಮಪದ. ಈ ಸಲ ಹೆಡ್‌ಮಿಸ್ಟ್ರೆಸ್ ಸುಮ್ಮನೆ ಬಿಡಲಿಲ್ಲ, ಮಕ್ಕಳ ಕೈಯಿಂದ ಏನಾದರೂ ಮಾಡಿಸಿ ಎಂದರು. ಸರಿ, ಪ್ರತಿಯೊಬ್ಬಳೂ ತನ್ನ ಮನೆಯಲ್ಲಿರುವ ಹತ್ತು ಜೋಡಿ ಶಬ್ದಗಳನ್ನು ಶುಕ್ರವಾರ ಬರೆದುಕೊಂಡು ಬರಬೇಕೆಂದು ಝೀಟಾ ಹೇಳಿದಳು.

ಆ ತರಗತಿಯಲ್ಲಿ ಕುಶಲಾ ಎಂಬ ಹುಡುಗಿಯಿದ್ದಳು. ಹಿರಿಯಡ್ಕದಿಂದ ದಿನಾ ಬಸ್ಸಿನಲ್ಲಿ ಬರುವವಳು, ಜೂನ್‌ನಲ್ಲಷ್ಟೇ ಸೇರಿದವಳು. ಹಾಜರಿ ಪುಸ್ತಕದಲ್ಲಿ ಪೋಷಕರ ಹೆಸರು ಮುದ್ದಣ್ಣ, ಸೋದರಮಾವ. ಅದರಲ್ಲಿ ವಿಶೇಷವೇನಿಲ್ಲ, ಅಳಿಯ ಕಟ್ಟಿನ ತುಳು ಮನೆಗಳಲ್ಲಿ ಮಕ್ಕಳು ತಾಯಿಯ ಕಡೆಗೆ, ಮಾವನೇ ಯಜಮಾನ. ಅಪ್ಪನ ಹೆಸರನ್ನು ಯಾರೂ ಕೇಳಿರಲಿಲ್ಲ. ಚುರುಕು ಹುಡುಗಿ, ಆದರೆ ಕೆಲವೊಮ್ಮೆ ವಿಚಿತ್ರ ಪ್ರಶ್ನೆ ಕೇಳುತ್ತಿದ್ದಳು. ಜುಲೈ ತಿಂಗಳ ಒಂದು ದಿನ ಮೇಜಿನ ಹತ್ತಿರ ಬಂದು, ಮಳೆ ಜೋರಾದರೆ ಟೀಚರಿಗೆ ಎಡಕಿವಿ ನೋವು ಬರ್ತದಾ ಎಂದು ಕೇಳಿದ್ದಳು. ಬರುತ್ತಿತ್ತು, ಚಿಕ್ಕಂದಿನಿಂದಲೂ. ನಿನಗೆ ಹೇಗೆ ಗೊತ್ತೆಂದು ಕೇಳುವಷ್ಟರಲ್ಲಿ ಗಂಟೆ ಬಾರಿಸಿತು, ಝೀಟಾ ಮರೆತಳು.

ಶುಕ್ರವಾರ ಕೊನೆಯ ಪೀರಿಯಡ್. ಉಳಿದ ಹುಡುಗಿಯರು ನೋಟುಪುಸ್ತಕ ತಂದಿದ್ದರು. ಕುಶಲಾ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಬರೆಯಲಿಲ್ಲವೇ ಎಂದು ಗದರಿಸುತ್ತಲೇ ಝೀಟಾ ಮುಚ್ಚಳ ತೆಗೆದಳು.

ಒಳಗೆ ಕಾಗದದ ಚೂರುಗಳು. ಎರಡು ಬೆರಳಗಲ. ಒಂದರ ಮೇಲೆ ಕೆಂಪು ಶಾಯಿಯಲ್ಲಿ ಲೈಟ್. ಇನ್ನೊಂದರ ಮೇಲೆ ನೀಲಿಯಲ್ಲಿ ಹೌಸ್.

ಕೈ ಡಬ್ಬಿಯೊಳಗೇ ನಿಂತಿತು. ಅಕ್ಷರ ಅವಳಿಗೆ ಗೊತ್ತಿತ್ತು. ಜಿ ಅಕ್ಷರದ ಬಾಲವನ್ನು ಎಡಕ್ಕೆಳೆದು ಗಂಟು ಹಾಕಿದಂತೆ ಬರೆಯುವವನು ಭೂಮಿಯ ಮೇಲೆ ಒಬ್ಬನೇ ಇದ್ದ, ಅವನನ್ನು ಸಮುದ್ರಕ್ಕೆ ಬಿಟ್ಟಿದ್ದರು. ಹಳೆಯ ಚೂರುಗಳು ಯಾರ ಕೈಗೋ ಸಿಕ್ಕಿರಬೇಕೆಂದು ಮನಸ್ಸು ಒಂದು ಕ್ಷಣ ದಾರಿ ಹುಡುಕಿತು. ಆದರೆ ಬೆರಳು ಚೂರುಗಳನ್ನು ಕೆದಕುತ್ತ ಹೋದಂತೆ ಅವಳಿಗೆ ಯಾವತ್ತೂ ಹೇಳಿಕೊಡದ ಶಬ್ದಗಳು ಬಂದವು: ಫಿಶಿಂಗ್ ನೆಟ್, ವಾಕಿಂಗ್ ಸ್ಟಿಕ್, ವಾಶಿಂಗ್ ಸ್ಟೋನ್. ಕ್ರಿಯಾಪದದ ಜೋಡಿಗಳು. ಅವಳ ಪಾಲಿನ ಅರ್ಧ ಪಾಠ.

"ಇದನ್ನು ಬರೆದದ್ದು ಯಾರು?" ಎಂದು ಕೇಳಿದಳು.

"ಅಪ್ಪ, ಟೀಚರ್. ನನಗೆ ಇಂಗ್ಲಿಷ್ ಕಲಿಸ್ಲಿಕ್ಕೆ ಎಸ್ಟೇಟಿನಲ್ಲಿದ್ದಾಗ ಮಾಡಿದ್ದು."

ಅಪ್ಪನ ಹೆಸರೇನೆಂದು ಕೇಳಿದಳು. ಹುಡುಗಿ ಯಾವ ಕಳ್ಳತನವೂ ಇಲ್ಲದ ಮುಖದಲ್ಲಿ ಅಲೆಕ್ಸಾಂಡರ್ ಎಂದಳು. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು, ಮೇ ತಿಂಗಳಲ್ಲಿ ಮಾವನ ಮನೆಗೆ ಬಂದೆವು, ಈಗ ಗದ್ದೆ ನೋಡಿಕೊಳ್ಳುತ್ತಾರೆ ಎಂದಳು. ನಿಮ್ಮ ಬಗ್ಗೆ ಯಾವಾಗಲೂ ಕೇಳ್ತಾರೆ ಎಂದೂ ಸೇರಿಸಿದಳು. ಡಬ್ಬಿ ಕೊಟ್ಟದ್ದು ಅಮ್ಮ, ಅಪ್ಪನಿಗೆ ಗೊತ್ತಿಲ್ಲ.

ಝೀಟಾ ಕುರ್ಚಿಯಲ್ಲಿ ಕೂತಳು. ನಲುವತ್ತು ಹುಡುಗಿಯರು ನೋಡುತ್ತಿದ್ದರು. ಸತ್ತವನು ಹಿರಿಯಡ್ಕದಲ್ಲಿ ಗದ್ದೆ ನೋಡಿಕೊಳ್ಳುತ್ತಿದ್ದಾನೆ, ತಂಗಿಯ ಎಡಕಿವಿಯ ನೋವು ವಿಚಾರಿಸುತ್ತಿದ್ದಾನೆ. ಅವಳು ಪ್ರತಿ ಶನಿವಾರ ಬಸ್ಸಿನಲ್ಲಿ ಅದೇ ಹಿರಿಯಡ್ಕ ದಾಟಿ ತಾಯಿಯ ಮನೆಗೆ ಹೋಗುತ್ತಾಳೆ. ಡಬ್ಬಿಯನ್ನು ಸೋಮವಾರ ಕೊಡುತ್ತೇನೆ ಎಂದು ಹೇಳಿ, ಗಂಟೆಗೆ ಮೊದಲೇ ತರಗತಿ ಬಿಟ್ಟಳು.

ಬಾಗಿಲು ಹಾಕಿ ಚೂರುಗಳನ್ನೆಲ್ಲ ಮೇಜಿನ ಮೇಲೆ ಸುರಿದಳು. ಕೆಲವು ಮಗುಚಿ ಬಿದ್ದವು. ಬೆನ್ನಿನಲ್ಲಿಯೂ ಬರಹವಿತ್ತು. ಇಂಗ್ಲಿಷ್ ಅಲ್ಲ, ಕನ್ನಡ ಅಕ್ಷರ. ಮಗುವೊಂದು ಗೆರೆ ಮೀರದಂತೆ ಕಷ್ಟಪಟ್ಟು ಬರೆದ ಗುಂಡು ಅಕ್ಷರ. ಒಂದರಲ್ಲಿ 'ಹೊಸ್ತಿಲು'. ಇನ್ನೊಂದರಲ್ಲಿ 'ಒಲೆಗೆ'. ಮತ್ತೊಂದರಲ್ಲಿ 'ಸತ್ತೆ'.

ಅಣ್ಣನ ಅಕ್ಷರ ಗುರುತು ಹಿಡಿಯಲು ಒಂದು ಕ್ಷಣ ಬೇಕಾಗಿತ್ತು. ಇದಕ್ಕೆ ಅಷ್ಟೂ ಬೇಡವಾಯಿತು. ಇದು ಅವಳದೇ.

ಅವನು ಕಾಗದ ಓದಿದ್ದಾನೆ. ಓದಿ, ಕತ್ತರಿಯಿಂದ ನೇರವಾಗಿ ಕತ್ತರಿಸಿ, ಅದರ ಬೆನ್ನ ಮೇಲೆ ಮಗಳಿಗೆ ಪಾಠ ಬರೆದಿದ್ದಾನೆ. ಝೀಟಾ ಚೂರುಗಳನ್ನೆಲ್ಲ ಮಗುಚಿ ಜೋಡಿಸತೊಡಗಿದಳು. ಹನ್ನೆರಡು ವರ್ಷದ ಹಿಂದಿನ ಹಾಳೆ ಸಾಲು ಸಾಲಾಗಿ ಎದ್ದು ಬಂತು. ಈ ಮನೆಯ ಮಟ್ಟಿಗೆ. ತಾಯಿ ಸತ್ತರೂ. ಎಲ್ಲವೂ ಇತ್ತು, ಕೆಳಗಿನ ಅಂಚೊಂದು ಬಿಟ್ಟು. ಅವಳ ಸ್ವಂತ ವಾಕ್ಯವಿದ್ದ ಅಂಚು ಡಬ್ಬಿಯಲ್ಲಿರಲಿಲ್ಲ. ಡಬ್ಬಿಯನ್ನು ತಲೆಕೆಳಗು ಮಾಡಿ ಬಡಿದಳು, ಮೇಜಿನ ಕೆಳಗೆ ಮೊಣಕಾಲೂರಿ ಹುಡುಕಿದಳು. ಸಿಗಲಿಲ್ಲ.

ಶನಿವಾರ ಬಸ್ಸು ಹಿರಿಯಡ್ಕದಲ್ಲಿ ನಿಂತಾಗ ಅವಳು ಇಳಿಯಲಿಲ್ಲ. ಕಿಟಕಿಯ ಬದಿಯಿಂದ ಒಳಗೆ ಸರಿದು, ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಳು. ಮೊದಲು ತಾಯಿಗೆ ಹೇಳಬೇಕು ಎಂಬುದು ನೆಪ. ಅವನ ಮುಖ ನೋಡುವ ಧೈರ್ಯ ಇರಲಿಲ್ಲ ಎಂಬುದು ನಿಜ. ಉಡುಪಿಯಲ್ಲಿ ಬಸ್ಸು ಬದಲಿಸಿ ಕಲ್ಯಾಣಪುರಕ್ಕೆ ಮುಟ್ಟುವವರೆಗೂ ತಾಯಿಗೆ ಹೇಗೆ ಹೇಳುವುದೆಂದೇ ಯೋಚನೆ. ಅರವತ್ತು ದಾಟಿದ ಜೀವ, ಸಂತೋಷದಿಂದಲೇ ಎದೆ ನಿಂತರೆ?

ತಾಯಿ ಸಿಸಿಲಿಯಾ ಜಗಲಿಯಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಮಣಿಪಾಲದಲ್ಲಿ ಕಣ್ಣು ತೋರಿಸಿ ಬಂದ ಮೇಲೂ ದೃಷ್ಟಿ ಅಷ್ಟಕ್ಕಷ್ಟೆ, ಕಲ್ಲು ಗೊತ್ತಾಗುವುದು ಬೆರಳಿಗೆ. ಝೀಟಾ ಪಕ್ಕದಲ್ಲಿ ಕೂತು, ಗೆರಸೆಯನ್ನು ಬದಿಗೆ ಸರಿಸಿ, ತಾಯಿಯ ಎರಡೂ ಕೈ ಹಿಡಿದುಕೊಂಡು, ಅಲೆಸ್ ಬದುಕಿದ್ದಾನೆ ಎಂದಳು.

ಸಿಸಿಲಿಯಾ ಅಂಗಳದ ಕಡೆ ಮುಖ ಮಾಡಿ, "ಎಲ್ಲಿದ್ದಾನೆ?" ಎಂದು ಕೇಳಿದಳು.

ಬದುಕಿದ್ದಾನಾ ಎಂದು ಕೇಳಲಿಲ್ಲ. ಹೇಗೆ ಎಂದು ಕೇಳಲಿಲ್ಲ. ಝೀಟಾಳಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು. ನಿನಗೆ ಗೊತ್ತಿತ್ತಾ ಮಾಂಯ್ ಎಂದು ಕೇಳಿದಳು.

"ಕಾಪುವಿನಿಂದ ಯಾರೂ ಬರಲಿಲ್ಲ," ಎಂದಳು ಸಿಸಿಲಿಯಾ. "ಆ ದಿನ ಇಡೀ ನಾನು ಅಂಗಳದಲ್ಲೇ ಭತ್ತ ಒಣಗಿಸ್ತಾ ಇದ್ದೆ. ಬಂದಿದ್ದರೆ ನನಗೆ ಕಾಣದೆ ಬರ್ತಿರಲಿಲ್ಲ."

ಉಳಿದದ್ದನ್ನು ಅವಳು ಯಾರದೋ ಮನೆಯ ಸಂಗತಿಯಂತೆ ಹೇಳಿದಳು. ದೊಡ್ಡ ಮಗಳು ಪ್ಯಾಟ್ರಿಶಿಯಾಳಿಗೆ ಆಗ ನೆಂಟಸ್ತಿಕೆ ಕೂಡಿಬಂದಿತ್ತು. ಮತ ಬಿಟ್ಟು ಮದುವೆಯಾದ ಅಣ್ಣ ಇದ್ದಾನೆಂದರೆ ಅವರು ಹಿಂದೆ ಸರಿಯುತ್ತಿದ್ದರು; ಸತ್ತ ಅಣ್ಣನಿಂದ ಯಾರಿಗೂ ತೊಂದರೆಯಿಲ್ಲ. ಗಂಡ ಹೇಳಿದ, ಅವಳು ಸುಮ್ಮನಿದ್ದಳು. ಪ್ಯಾಟ್ರಿಶಿಯಾಳ ಮದುವೆಯಾಯಿತು. ಆರು ವರ್ಷದ ಮೇಲೆ ಇಮ್ಯಾನುಯೆಲ್ ತೀರಿಕೊಂಡರು, ಆಮೇಲೂ ಸಿಸಿಲಿಯಾ ಸುಮ್ಮನಿದ್ದಳು.

ಝೀಟಾ ಎದ್ದು ನಿಂತಳು. ತಾಯಿಯ ಮೇಲೆ ಅವಳು ಜೀವಮಾನದಲ್ಲಿ ಸ್ವರ ಎತ್ತಿದವಳಲ್ಲ, ಈಗ ಎತ್ತಿದಳು. ನಾನು ಕೊಂದೆ ಎಂದುಕೊಂಡು ಹನ್ನೆರಡು ವರ್ಷ ಬದುಕಿದ್ದೇನೆ, ಜೀವಂತ ಇರುವವನಿಗೆ ಸತ್ತವರ ಪೂಜೆ ಮಾಡಿಸಿದ್ದೇನೆ, ನೀನು ಪಕ್ಕದಲ್ಲಿ ಮೊಣಕಾಲೂರಿ ಆಮೆನ್ ಅಂದೆಯಲ್ಲ, ಪಪ್ಪ ಹೋದ ಮೇಲಾದರೂ ಒಂದು ಮಾತು ಹೇಳಲಿಕ್ಕೆ ಎಂತ ಆಗಿತ್ತು ನಿನಗೆ, ಎಂದಳು.

ಸಿಸಿಲಿಯಾ ಗೆರಸೆಯನ್ನು ತಡಕಾಡಿ ಹತ್ತಿರ ಎಳೆದುಕೊಂಡಳು.

"ಹೇಳಿದ್ದರೆ ನೀನು ಹೆಸರು ಬರೆಸುವುದು ನಿಲ್ಲಿಸ್ತಿದ್ದೆ," ಎಂದಳು. "ಈ ಮನೆಯಲ್ಲಿ ಅವನ ಹೆಸರು ಎತ್ತಲಿಕ್ಕೆ ಇರಲಿಲ್ಲ. ವರ್ಷಕ್ಕೊಮ್ಮೆ ಪಾದ್ರಿಗಳ ಬಾಯಲ್ಲಿಯಾದರೂ ಕೇಳಲಿಕ್ಕೆ ಸಿಗ್ತಿತ್ತು. ಅದನ್ನೂ ಕಳಕೊಳ್ಳಲಿಕ್ಕೆ ನನ್ನಿಂದ ಆಗ್ತಿರಲಿಲ್ಲ ಬಾಯೆ."

ಝೀಟಾಳ ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಅವಳು ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು, ಮತ್ತೆ ಮತ್ತೆ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿದವಳೇ ಬಸ್ಸು ಹಿಡಿದು ಹಿರಿಯಡ್ಕದಲ್ಲಿ ಇಳಿದಳು. ಮುದ್ದಣ್ಣನ ಮನೆ ಎಂದು ಕೇಳಿದ್ದಕ್ಕೆ ಮೊದಲ ಅಂಗಡಿಯವನೇ ಕೈ ತೋರಿಸಿದ. ಗದ್ದೆಯ ಹುಣಿಯ ಮೇಲೆ ನಡೆಯುವಾಗ ಕಾಲು ಎರಡು ಸಲ ಜಾರಿತು. ದೂರದಿಂದಲೇ ಕುಶಲಾ ನೋಡಿ ಒಳಗೆ ಓಡಿದಳು. ಹೊರಗೆ ಬಂದ ಹೆಂಗಸು ಅಕ್ಕು ಎಂದು ಹೇಳಿಸಿಕೊಳ್ಳಬೇಕಾಗಲಿಲ್ಲ. ಅವಳು ಝೀಟಾಳ ಕೈಯಲ್ಲಿದ್ದ ಡಬ್ಬಿ ನೋಡಿ ತಲೆಯಾಡಿಸಿ, ಒಳಗಿದ್ದಾರೆ ಎಂದಷ್ಟೇ ಹೇಳಿ, ಮಗಳನ್ನು ಕರೆದುಕೊಂಡು ಕೊಟ್ಟಿಗೆಯ ಕಡೆ ಹೋದಳು.

ಬಾಗಿಲಲ್ಲಿ ನಿಂತವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಮೂವತ್ತನಾಲ್ಕು ವರ್ಷಕ್ಕೆ ಅಷ್ಟು ಬೆಳ್ಳಗಾಗಬಾರದು. ಅವನು ಮೊದಲು ಅವಳ ಮುಖ ನೋಡಿದ, ಆಮೇಲೆ ಡಬ್ಬಿ ನೋಡಿದ, ಹೆಗಲ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬನ್ನಿ ಟೀಚರ್," ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಮಗಳ ಟೀಚರಿಗೆ ಕೊಡುವ ಮರ್ಯಾದೆಯನ್ನು ಅವನು ಕೊಟ್ಟಾಗ ಝೀಟಾ ಮೆಟ್ಟಿಲಿನಲ್ಲೇ ನಿಂತುಬಿಟ್ಟಳು. ಅವನೂ ಮುಂದೆ ಬರಲಿಲ್ಲ. ಹಾಗೆ ನಿಂತಲ್ಲಿಂದಲೇ, ಮಾಂಯ್ ಇದ್ದಾಳಾ ಎಂದು ಕೇಳಿದ. ಆಗ ಅವಳಿಗೆ ಹೊಳೆಯಿತು. ತಾಯಿ ಸತ್ತರೂ ಬರಬೇಡ ಎಂದು ಬರೆದವರು, ಸತ್ತರೆ ತಿಳಿಸುತ್ತೇವೆ ಎಂದೇನೂ ಬರೆದಿರಲಿಲ್ಲ. ತಾಯಿ ಇದ್ದಾಳೋ ಇಲ್ಲವೋ ಗೊತ್ತಿಲ್ಲದೆ, ಯಾರನ್ನೂ ಕೇಳುವ ಧೈರ್ಯವಿಲ್ಲದೆ ಅವನು ಹನ್ನೆರಡು ವರ್ಷ ಕಳೆದಿದ್ದ. ಮಗಳ ಕೈಯಲ್ಲಿ ಎಡಕಿವಿಯ ನೋವು ಕೇಳಿಸಿದವನು ಇದನ್ನು ಕೇಳಿಸಿರಲಿಲ್ಲ.

ಇದ್ದಾಳೆ ಎಂದಳು. ಅವನು 'ಅಬ್ಬ' ಎಂದು ಬಾಗಿಲಿನ ದಾರಂದ ಹಿಡಿದುಕೊಂಡು, ಮುಖ ಆಚೆ ತಿರುಗಿಸಿದ.

ಜಗಲಿಯಲ್ಲಿ ಇಬ್ಬರ ನಡುವೆ ಡಬ್ಬಿಯಿತ್ತು. ಅಪ್ಪ ಹೇಳಿದ ಸುಳ್ಳನ್ನು, ಹಡಗಿನ ಕಥೆಯನ್ನು, ವರ್ಷ ವರ್ಷ ನಡೆದ ಪೂಜೆಯನ್ನು ಝೀಟಾ ಹೇಳಿದಳು. ತಾನು ಸತ್ತ ಸುದ್ದಿಯನ್ನು ಅಲೆಸ್ ಮೊದಲ ಸಲ ಕೇಳುತ್ತಿದ್ದ. ನನಗೆ ಸತ್ತವರ ಪೂಜೆಯಾ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ನಗಬೇಕೋ ಏನು ಮಾಡಬೇಕೋ ತಿಳಿಯದೆ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಒಂದು ಚೂರನ್ನೆತ್ತಿ, "ಕಾಗದವನ್ನು ಹರಿದು ಬಿಸಾಡಲು ಆಗಲಿಲ್ಲ, ಎಷ್ಟಾದರೂ ತಂಗಿಯ ಅಕ್ಷರ. ಹಾಗೆಯೇ ಇಟ್ಟುಕೊಳ್ಳಲೂ ಆಗಲಿಲ್ಲ. ತುಂಡು ಮಾಡಿ ಬೇರೆ ಕೆಲಸಕ್ಕೆ ಹಾಕಿದೆ," ಎಂದ.

"ಒಂದು ತುಂಡು ಇದರಲ್ಲಿಲ್ಲ," ಎಂದಳು ಝೀಟಾ.

ಅವನು ಎದ್ದು ಒಳಗೆ ಹೋದ. ಬಂದಾಗ ಕೈಯಲ್ಲಿ ಹಳೆಯ ಪ್ರಾರ್ಥನೆ ಪುಸ್ತಕವಿತ್ತು. ಅದರ ನಡುವಿನಿಂದ ಉದ್ದದ ಪಟ್ಟಿಯೊಂದನ್ನು ತೆಗೆದು ಅವಳ ಮುಂದಿಟ್ಟ. ಮಡಿಕೆಯಲ್ಲಿ ಸವೆದಿತ್ತು, ಬೆರಳಾಡಿಸಿ ಆಡಿಸಿ ಅಂಚು ಮೆತ್ತಗಾಗಿತ್ತು. ಝೀಟಾ ಅದನ್ನು ಓದಲಿಲ್ಲ, ಓದುವ ಅಗತ್ಯವಿರಲಿಲ್ಲ. ಮಗುಚಿ ನೋಡಿದಳು. ಉಳಿದ ಎಲ್ಲ ಚೂರುಗಳ ಬೆನ್ನಿಗೂ ಒಂದೊಂದು ಶಬ್ದವಿತ್ತು, ಇದರ ಬೆನ್ನು ಖಾಲಿ.

"ಇದನ್ನೂ ಪಪ್ಪನೇ ಹೇಳಿ ಬರೆಸಿದ್ದಾ?" ಎಂದು ಅಲೆಸ್ ಕೇಳಿದ.

ಹೌದೆಂದರೆ ಮುಗಿಯಿತು. ಅಪ್ಪ ಇಲ್ಲ, ಸಾಕ್ಷಿ ಇಲ್ಲ, ಇಡೀ ಕಾಗದವೇ ಅವರದಾಗಿರುವಾಗ ಇನ್ನೊಂದು ವಾಕ್ಯ ಅವರ ತಲೆಗೆ ಹೆಚ್ಚಾಗುತ್ತಿರಲಿಲ್ಲ. ಹೌದು ಎಂಬ ಮಾತು ಝೀಟಾಳ ನಾಲಗೆಯವರೆಗೆ ಬಂದಿತ್ತು. ಆದರೆ ಸುಳ್ಳಿನ ಮೇಲೆ ಕಟ್ಟಿದ ಹನ್ನೆರಡು ವರ್ಷ ಈಗಷ್ಟೇ ಕಣ್ಣೆದುರು ಬಿದ್ದಿತ್ತು, ಅದರ ಮೇಲೆ ಇನ್ನೊಂದನ್ನು ಇಡಲು ಅವಳಿಂದ ಆಗಲಿಲ್ಲ.

"ಅಲ್ಲ," ಎಂದಳು. "ಇದೊಂದು ನನ್ನದು."

ಇನ್ನು ಅವನು ಎದ್ದು ಹೋಗುತ್ತಾನೆ ಎಂದುಕೊಂಡು ತಲೆ ತಗ್ಗಿಸಿದಳು. ಅವನು ಎದ್ದು ಹೋಗಲಿಲ್ಲ.

"ಗೊತ್ತಿತ್ತು," ಎಂದ. "ಪಪ್ಪನಿಗೆ ಪಾಠ ಅರ್ಧ ಆದರೆಂತ, ಪೂರ್ತಿ ಆದರೆಂತ? ಝೀಟಾ, ಆ ಕಾಗದದಲ್ಲಿ ಎಲ್ಲ ಕಡೆ ಬರಬೇಡ ಅಂತ ಇತ್ತು. ನಾನು ಬರಲಿಲ್ಲ ಅಂತ ಬೇಜಾರು ಮಾಡಿದ್ದು ಇದೊಂದೇ ಸಾಲು. ನನಗಾಗಿ ಆ ಮನೆಯಲ್ಲಿ ಒಬ್ಬರು ಕಾದಿದ್ದರು ಅಂತ ಗೊತ್ತಾದದ್ದು ನನಗೆ ಇದರಿಂದ. ಇದನ್ನು ನಾನು ತುಂಡು ಮಾಡ್ತೇನಾ?"

ಝೀಟಾ ಬಾಯಿಗೆ ಸೆರಗು ಒತ್ತಿಕೊಂಡಳು. ಯಾವ ಸಾಲನ್ನು ಅವನು ಓದಿರಬಾರದೆಂದು ಅವಳು ವರ್ಷ ವರ್ಷ ಮೊಣಕಾಲೂರಿ ಬೇಡಿದ್ದಳೋ, ಆ ಸಾಲನ್ನು ಅವನು ಪ್ರಾರ್ಥನೆ ಪುಸ್ತಕದಲ್ಲಿಟ್ಟು ದಿನಾ ಓದಿದ್ದ. ಅವಳಿಗೆ ಅಳು ಬಂತು, ಜಗಲಿಯಲ್ಲಿ ಕಾದ ಹನ್ನೊಂದು ವರ್ಷದ ಹುಡುಗಿಯ ಅಳು, ತಡೆಯಲು ಹೋದಷ್ಟೂ ಹೆಚ್ಚಾಯಿತು. ಕೊಟ್ಟಿಗೆಯ ಬದಿಯಿಂದ ಇಣುಕಿದ ಕುಶಲಾ ತನ್ನ ಟೀಚರು ಹಾಗೆ ಅಳುವುದನ್ನು ನೋಡಿ ದಿಗಿಲುಬಿದ್ದು ತಾಯಿಯ ಸೆರಗು ಹಿಡಿದಳು. ಅಲೆಸ್ ತಂಗಿಯ ಪಕ್ಕಕ್ಕೆ ಸರಿದು ಕೂತು, ಅವಳ ಎಡಕಿವಿಯ ಮೇಲೆ ಅಂಗೈ ಮುಚ್ಚಿ ಹಿಡಿದ. ಚಿಕ್ಕಂದಿನಲ್ಲಿ ನೋವು ಬಂದಾಗ ಹಾಗೆ ಹಿಡಿಯುತ್ತಿದ್ದ.

ಉಡುಪಿಯ ಕಡೆಗೆ ಮುಂದಿನ ಬಸ್ಸು ಹನ್ನೆರಡೂವರೆಗೆ ಎಂದು ಅಕ್ಕು ಹೇಳಿದಳು. ಯಾರು ಹೋಗುವುದು, ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಅವಳೇ ಗಂಡನ ಬಿಳಿ ಅಂಗಿ ತಂದು ಕೊಟ್ಟಳು, ಮಗಳ ತಲೆ ಬಾಚಿದಳು, ತಾನೂ ಸೀರೆ ಬದಲಿಸಿದಳು. ಹೊರಡುವಾಗ ಝೀಟಾ ಆ ಪಟ್ಟಿಯನ್ನು ಕೈಗೆತ್ತಿಕೊಂಡು, ಇದು ನನಗಿರಲಿ, ಸುಟ್ಟುಬಿಡುತ್ತೇನೆ ಎಂದಳು. ಅಲೆಸ್ ಕೊಡಲಿಲ್ಲ. ಬರೆದಾಗ ನಿನ್ನದು, ಈಗ ನನ್ನದು ಎಂದು ಅದನ್ನು ಅವಳ ಬೆರಳಿನಿಂದ ಬಿಡಿಸಿ, ಮೊದಲಿನ ಮಡಿಕೆಯಲ್ಲೇ ಮಡಚಿ, ಪುಸ್ತಕದ ಅದೇ ಪುಟದಲ್ಲಿ ಇಟ್ಟು ಮುಚ್ಚಿದ.